ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ



ದಸರೆ ಹತ್ತಿರ ಬಂತೆಂದರೆ ನಮ್ಮ ಗದಗ-ಬೆಟಗೇರಿಯ ಮನೆಗಳಲ್ಲಿ ಒಂದು ಸಾಮಾನೂ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಹಾಸಿಗೆ-ಹೊದಿಕೆಗಳು ಒಗೆಯಲಿಕ್ಕೆ ಹೊರಬೀಳುತ್ತವೆ, ಅಟ್ಟದ ಮೇಲಿನ ತಾಮ್ರದ ಹಂಡೆ-ಕೊಡಗಳು ಅಂಗಳಕ್ಕೆ ಇಳಿಯುತ್ತವೆ. ಅದೇ ಹೊತ್ತಿಗೆ ಓಣಿಯಲ್ಲಿ ರದ್ದಿಯವನ ಕೂಗು ಕೇಳಿತೆಂದರೆ ಮುಗಿಯಿತು, ಕೈಗೆ ಸಿಕ್ಕ ಕಾಗದವೆಲ್ಲ ಅವನ ತಕ್ಕಡಿಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಇರುವ ನಿಮ್ಮ ಮನೆಗಳಲ್ಲೂ ಇದೇ ಗದ್ದಲ ಅಲ್ಲವೇ?

ನಾಲ್ಕು ವರ್ಷದ ಹಿಂದೆ ಇಂಥ ಗದ್ದಲದಲ್ಲೇ ನಾನೊಂದು ತಪ್ಪು ಮಾಡಿದೆ. ಅಟ್ಟದ ಮೇಲೆ ಕೆಂಪು ಅರಿವೆಯಲ್ಲಿ ಕಟ್ಟಿಟ್ಟ ಒಂದು ಗಂಟು ಇತ್ತು. ಬಿಚ್ಚಿ ನೋಡಿದರೆ ಹುಳ ತಿಂದ ಹಳೇ ಪುಸ್ತಕಗಳು. ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು. ಒಂದನ್ನೂ ತೆರೆಯದೆ ರದ್ದಿಯವನಿಗೆ ಕೊಟ್ಟೆ. ಬಂದ ರೊಕ್ಕದಲ್ಲಿ ಅರ್ಧ ಕಿಲೋ ಬೆಲ್ಲ ತಂದೆ.

ಎರಡು ದಿನ ಬಿಟ್ಟು ರೊಟ್ಟಿ ಬಡಿಯುವ ಹೊತ್ತಿಗೆ ನಮ್ಮ ಅತ್ತೆಯವರು ಕೇಳಿದರು:

"ಅಟ್ಟದ ಮ್ಯಾಲ ಕೆಂಪು ಅರಿವ್ಯಾಗ ಕಟ್ಟಿದ್ದ ಗಂಟು ಎಲ್ಲಿ ಹೋತವಾ?"

"ರದ್ದಿಯಂವಗ ಕೊಟ್ಟೆನ್ರಿ ಅತ್ತಿ. ಎಲ್ಲಾ ಹುಳಾ ತಿಂದಿದ್ದುವು."

"ಹೌದೇನು? ಹೋಗ್ಲಿ ಬಿಡು," ಅಂದವರೇ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಮತ್ತೆ ಮಾತಾಡಲಿಲ್ಲ.

ರಾತ್ರಿ ನಮ್ಮ ಮನೆಯವರು ಹೇಳಿದಾಗ ನನಗೆ ಸಂಗತಿ ತಿಳಿಯಿತು. ಅತ್ತೆಯವರ ತವರು ಶಿರಹಟ್ಟಿ. ಅವರು ಏಳು ವರ್ಷದ ಕೂಸಿದ್ದಾಗ ಅವರ ತಂದೆ ಯಾವುದೋ ಕೋರ್ಟಿನ ಕೆಲಸಕ್ಕೆ ಧಾರವಾಡಕ್ಕೆ ಹೋದವರು ಪ್ರಾಣಿಗಳ ಚಿತ್ರವಿದ್ದ ಒಂದು ಕಥೆಯ ಪುಸ್ತಕ ತಂದುಕೊಟ್ಟಿದ್ದರಂತೆ. ಮೊದಲ ಪುಟದಲ್ಲಿ ಮಗಳ ಹೆಸರನ್ನು ತಮ್ಮ ಕೈಯಿಂದಲೇ ಬರೆದಿದ್ದರಂತೆ. ಮುಂದೆ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಅವರದೊಂದು ಫೋಟೋ ಇಲ್ಲ, ಕಾಗದ-ಪತ್ರ ಇಲ್ಲ. ಅವರ ಕೈಬರಹ ಅಂತ ಈ ಜಗತ್ತಿನಲ್ಲಿ ಉಳಿದದ್ದು ಆ ಪುಟದ ಮೇಲಿನ ಒಂದೇ ಸಾಲು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮುಂಜಾನೆ ಎದ್ದವಳೇ ಊರಿನ ರದ್ದಿ ಅಂಗಡಿಗಳನ್ನು ಸುತ್ತಿದೆ. ಮೂರನೆಯ ಅಂಗಡಿಯವನು, "ಆ ವಾರದ ಮಾಲು ಲಾರಿಗೆ ಹೋಗಿಬಿಟ್ಟೈತ್ರಿ ಅಕ್ಕಾರ. ಬೇಕಾದ್ರ ಒಳಗ ಹುಡುಕಿ ನೋಡ್ರಿ" ಅಂದ. ಎರಡು ತಾಸು ಹುಡುಕಿದೆ. ಅತ್ತೆಯವರ ಪುಸ್ತಕ ಸಿಗಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ. ಆದರೆ ಆ ರಾಶಿಯಲ್ಲಿ ಇನ್ನೊಂದು ತೆಳ್ಳನೆಯ ಪುಸ್ತಕ ಕೈಗೆ ಬಂತು. ಅರ್ಧ ಹರಿದ ರಕ್ಷಾಕವಚದ ಮೇಲೆ ಬಾವಿಯಲ್ಲಿ ಇಣುಕುವ ಸಿಂಹ, ಪಕ್ಕದಲ್ಲಿ ಮೊಲ. ಬೆಲೆ ಆರು ಆಣೆ. ಒಳಗೆ ಯಾರದೋ ದುಂಡು ಅಕ್ಷರದಲ್ಲಿ ಒಂದು ಹೆಸರು, ಅದರ ಕೆಳಗೆ "3ನೇ ಇಯತ್ತೆ, ಲಕ್ಷ್ಮೇಶ್ವರ, 1952".

ಅಳುಕುತ್ತಲೇ ಅದನ್ನು ತಂದು ಅತ್ತೆಯವರ ಕೈಗೆ ಕೊಟ್ಟೆ. ಚಾಳೀಸು ಏರಿಸಿ ಬಹಳ ಹೊತ್ತು ನೋಡಿದರು. ಆ ಅಕ್ಷರಗಳ ಮೇಲೆ ಬೆರಳು ಆಡಿಸಿದರು. "ಇದನ್ನೂ ಯಾರದೋ ಅಪ್ಪನ ಬರದಾನ ನೋಡು. ಚೊಲೋತ್ನ್ಯಾಗ ಇಟ್ಟುಕೋ," ಅಂದರು.

ಅವತ್ತಿನಿಂದ ನನಗೆ ಹಳೆಯ ಚಿತ್ರದ ಪುಸ್ತಕಗಳನ್ನು ಕೂಡಿಡುವ ಹವ್ಯಾಸ ಹತ್ತಿಕೊಂಡಿತು. ಈಗ ನಮ್ಮ ಕಪಾಟಿನಲ್ಲಿ ಅರವತ್ತೆರಡು ಪುಸ್ತಕಗಳಿವೆ. ಇದಕ್ಕೆ ಬಹಳ ಹಣ ಬೇಕಿಲ್ಲ, ಬಹಳ ಓದೂ ಬೇಕಿಲ್ಲ. ನೋಡುವ ಕಣ್ಣು, ಕೇಳುವ ಬಾಯಿ ಇದ್ದರೆ ಸಾಕು. ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಯಾವ ಪುಸ್ತಕಗಳನ್ನು ಹುಡುಕಬೇಕು?

ನಮ್ಮ ಕನ್ನಡದಲ್ಲಿ ಮಕ್ಕಳಿಗಾಗಿ ಎಂಥೆಂಥ ಪುಸ್ತಕಗಳು ಬಂದು ಹೋಗಿವೆ! ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ 'ಬಾಲ ಪ್ರಪಂಚ'ವನ್ನು ಹೊರತಂದರು. ಜಗತ್ತಿನ ವಿಷಯವನ್ನೆಲ್ಲ ಚಿತ್ರಸಮೇತ ಕನ್ನಡದ ಮಕ್ಕಳಿಗೆ ಕೊಡಬೇಕೆಂದು ಒಬ್ಬರೇ ಹೊತ್ತ ಹೊಣೆ ಅದು. ಮೊದಲ ಮುದ್ರಣದ ಮೂರೂ ಸಂಪುಟ ಯಾರ ಮನೆಯಲ್ಲಾದರೂ ಇದ್ದರೆ ಅವರು ಪುಣ್ಯವಂತರು.

'ಚಂದಮಾಮ'ವನ್ನು ನೀವೆಲ್ಲ ಬಲ್ಲಿರಿ. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದ ಪತ್ರಿಕೆ. ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳು, ಹೆಗಲ ಮೇಲೆ ಬೇತಾಳನನ್ನು ಹೊತ್ತು ನಡೆಯುವ ವಿಕ್ರಮನ ಚಿತ್ರ ಯಾರಿಗೆ ನೆನಪಿಲ್ಲ? ಆ ವಿಕ್ರಮ-ಬೇತಾಳರ ಚಿತ್ರ ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಪತ್ರಿಕೆ ಅದಕ್ಕೂ ಮೊದಲೇ ನಿಂತುಹೋಗಿತ್ತು. ಹಿಂದೆ ಕೆಲವು ಮನೆಗಳಲ್ಲಿ ವರ್ಷದ ಹನ್ನೆರಡು ಸಂಚಿಕೆ ಕೂಡಿಸಿ ರಟ್ಟು ಕಟ್ಟಿಸುತ್ತಿದ್ದರು. ಅಂಥ ಸಂಪುಟ ಕಂಡರೆ ಬಿಡಬೇಡಿ.

'ಅಮರ ಚಿತ್ರ ಕಥೆ'ಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಅದು ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಮೊದಲು ಬಂತೆಂದು ಬಹಳ ಜನ ತಿಳಿದಿದ್ದಾರೆ. ನಿಜವೆಂದರೆ 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅದು ಮೊದಲು ಕನ್ನಡದಲ್ಲೇ ಬಂತು. ಮೊದಲ ಹತ್ತು ಪುಸ್ತಕಗಳು ಸಿಂಡರೆಲಾ, ಕೆಂಪು ಟೊಪ್ಪಿಗೆಯ ಹುಡುಗಿ, ನಿದ್ರಿಸುವ ಸುಂದರಿ ಇಂಥ ಹೊರದೇಶದ ಕಥೆಗಳು. ಅನಂತ ಪೈಯವರ 'ಕೃಷ್ಣ' ಬಂದದ್ದು ಹನ್ನೊಂದನೆಯ ಅಂಕಿಯಲ್ಲಿ. ಮೊದಲ ಹತ್ತರ ಕನ್ನಡ ಪ್ರತಿ ನನಗೆ ಒಂದೂ ಸಿಕ್ಕಿಲ್ಲ. ಹುಡುಕುತ್ತಲೇ ಇದ್ದೇನೆ.

ಇವಲ್ಲದೆ ರಾಷ್ಟ್ರೋತ್ಥಾನದವರ 'ಭಾರತ ಭಾರತಿ' ಮಾಲೆಯ ಕಿರುಪುಸ್ತಕಗಳಿವೆ. ಮಾಲೆಯಲ್ಲಿ ಒಟ್ಟು 510 ಪುಸ್ತಕಗಳು. ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಮಾಸ್ಕೋದ ಪುಸ್ತಕಗಳಿವೆ. ನುಣುಪು ಕಾಗದ, ಪುಟದ ತುಂಬ ಬಣ್ಣ! 1991ರಲ್ಲಿ ಸೋವಿಯತ್ ದೇಶವೇ ಒಡೆದುಹೋದ ಮೇಲೆ ಅವು ಬರುವುದು ನಿಂತಿತು. ಇನ್ನು ನಮ್ಮ ಗದಗವೇ ಮುದ್ರಣಕ್ಕೆ ಹೆಸರಾದ ಊರು. ಬೆಟಗೇರಿಯಲ್ಲಿ ಮಗ್ಗದ ಸಪ್ಪಳವಾದರೆ ಗದಗಿನಲ್ಲಿ ಅಚ್ಚಿನ ಯಂತ್ರದ ಸಪ್ಪಳ. ಶಾಬಾದಿಮಠ, ಸಂಕೇಶ್ವರ ಎಂಬ ಹೆಸರುಗಳನ್ನು ಪುಸ್ತಕಗಳ ಮೇಲೆ ನೋಡದ ಮನೆ ನಮ್ಮ ಕಡೆ ಅಪರೂಪ. ಊರಿನ ಪುಸ್ತಕ ಎಂಬ ಅಸಡ್ಡೆ ಬೇಡ. ಬೆಂಗಳೂರಿನವರು ಅವನ್ನು ಕೂಡಿಡಲಾರರು, ನಾವೇ ಕೂಡಿಡಬೇಕು.

ಮೊದಲ ಮುದ್ರಣ ಗುರುತಿಸುವುದು ಹೇಗೆ?

ಪುಸ್ತಕದ ಹೆಸರಿರುವ ಪುಟದ ಬೆನ್ನಿಗೆ ನೋಡಿ. 'ಪ್ರಥಮ ಮುದ್ರಣ' ಎಂದೋ 'ಮೊದಲ ಅಚ್ಚು' ಎಂದೋ ಇಸವಿಸಹಿತ ಇರುತ್ತದೆ. ಎರಡನೆಯದು, ಮೂರನೆಯದು ಆಗಿದ್ದರೆ ಅದನ್ನೂ ಅಲ್ಲೇ ನಮೂದಿಸಿರುತ್ತಾರೆ. ಎಷ್ಟು ಪ್ರತಿ, ಯಾವ ಮುದ್ರಣಾಲಯ ಎಂಬುದೂ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಆ ಪುಟವೇ ಹರಿದುಹೋಗಿದ್ದರೆ? ಆಗ ಬೆಲೆ ಮತ್ತು ವಿಳಾಸ ನೋಡಿ.

ಬೆಲೆ ಆಣೆಯಲ್ಲಿದ್ದರೆ ಪುಸ್ತಕ ಬಹುತೇಕ 1957ರ ಏಪ್ರಿಲ್‌ಗಿಂತ ಹಿಂದಿನದು. ಆ ತಿಂಗಳಿನಿಂದ ದಶಮಾಂಶ ನಾಣ್ಯ ಬಂತು. 'ನಯೇ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು. ಬರೀ 'ಪೈಸೆ' ಎಂದಿದ್ದರೆ ಆಮೇಲಿನದು.

ವಿಳಾಸದಲ್ಲಿ ಗದಗ ಅಥವಾ ಧಾರವಾಡದ ಮುಂದೆ 'ಮುಂಬಯಿ' ಪ್ರಾಂತದ ಹೆಸರಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು. ಅಲ್ಲೇ 'ಮೈಸೂರು ರಾಜ್ಯ' ಎಂದಿದ್ದರೆ 1956 ಮತ್ತು 1973ರ ನಡುವಿನದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಈಚಿನದು. 'ಗದಗ, ಧಾರವಾಡ ಜಿಲ್ಲೆ' ಎಂದಿದ್ದರೆ 1997ರಲ್ಲಿ ನಮ್ಮದು ಬೇರೆ ಜಿಲ್ಲೆ ಆಗುವುದಕ್ಕಿಂತ ಮೊದಲಿನದು. ಒಳಗಿನ ಶಾಲೆಯ ಶಿಕ್ಕಾ ಕೂಡ ಸಾಕ್ಷಿ ಹೇಳುತ್ತದೆ. ಶಿರಹಟ್ಟಿ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಹಾಗಾಗಿ ಸಂಸ್ಥಾನದ ಶಿಕ್ಕಾ ಕಂಡರೆ ಆ ಪುಸ್ತಕಕ್ಕೆ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ವಯಸ್ಸು.

ಪುಟದ ಬೆನ್ನ ಮೇಲೆ ಮೆಲ್ಲಗೆ ಬೆರಳು ಆಡಿಸಿ. ಅಕ್ಷರಗಳು ಉಬ್ಬಿದಂತೆ ಹತ್ತಿದರೆ ಅದು ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ್ದು.

ಒಂದು ಮಾತು ಮರೆಯಬೇಡಿ. ಯಾವುದಾದರೂ ವಾಚನಾಲಯದ ಶಿಕ್ಕಾ ಇದ್ದು, ಅದನ್ನು ತೆಗೆದುಹಾಕಿದ್ದಾರೆಂಬ ಗುರುತು ಇಲ್ಲದಿದ್ದರೆ, ಅಲ್ಲಿ ಕೇಳಿ ನೋಡಿ. ಅವರ ಪುಸ್ತಕವಾದರೆ ಅವರಿಗೇ ಕೊಟ್ಟುಬಿಡಿ.

ಕಾಪಾಡುವ ಬಗೆ

ಹಳೆಯ ಪುಸ್ತಕಕ್ಕೆ ದೊಡ್ಡ ಶತ್ರು ಹುಳವಲ್ಲ, ನಮ್ಮ ಅತಿ ಕಾಳಜಿ. ಹರಿದಲ್ಲಿ ಸೆಲೋಟೇಪು ಹಚ್ಚುತ್ತೇವೆ. ನಾಲ್ಕಾರು ವರ್ಷಕ್ಕೆ ಅದು ಹಳದಿಯಾಗಿ ಒಣಗಿ ಉದುರುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕಲೆಯಾಗುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ. ವೃತ್ತಪತ್ರಿಕೆಯಲ್ಲಿ ಸುತ್ತಿದರೆ ಅದರ ಹಳದಿ ಇದಕ್ಕೂ ಇಳಿಯುತ್ತದೆ.

ಹಳೆಯ ಹತ್ತಿ ಸೀರೆಯನ್ನು ಗಂಜಿ ಹೋಗುವ ಹಾಗೆ ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಅದರ ತುಂಡಿನಲ್ಲಿ ಪುಸ್ತಕ ಸುತ್ತಿಡಿ. ಗಂಜಿ ಉಳಿದರೆ ಬೆಳ್ಳಿಹುಳಕ್ಕೆ ನೀವೇ ಊಟಕ್ಕೆ ಕರೆದಂತೆ. ತೆಳು ಪುಸ್ತಕಗಳನ್ನು ನಿಲ್ಲಿಸದೆ ಮಲಗಿಸಿಡಿ. ಕಪಾಟು ಹೊರಗೋಡೆಗೆ ತಾಗದಿರಲಿ, ಕೆಳಗಿನ ಖಾನೆಯೂ ಬೇಡ. ಒಣಗಿದ ಬೇವಿನ ಎಲೆಗಳನ್ನು ಅರಿವೆಯ ಪುಡಿಕೆಯಲ್ಲಿ ಕಟ್ಟಿ ಮೂಲೆಯಲ್ಲಿ ಇಟ್ಟು ಆಗಾಗ ಬದಲಿಸಿರಿ. ಅದಕ್ಕಿಂತ ಮುಖ್ಯವಾಗಿ, ಎರಡು-ಮೂರು ತಿಂಗಳಿಗೊಮ್ಮೆ ತೆಗೆದು ಮೆತ್ತನೆಯ ಬ್ರಶ್ಶಿನಿಂದ ಧೂಳು ಝಾಡಿಸಿ ಪುಟ ತಿರುವಬೇಕು. ಕೈ ಆಡುವ ಪುಸ್ತಕಕ್ಕೆ ಹುಳ ಹತ್ತುವುದು ಕಡಿಮೆ. ನಡುವಿನ ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ಬಿಚ್ಚಿ ತೆಗೆದು, ಅವೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಕಟ್ಟಿ.

ಹರಿದ ಪುಟಕ್ಕೆ ಗೋಧಿಹಾಲಿನ ಅಂಟು

ಕುರಡಗಿ ಮಾಡುವವರಿಗೆ ಇದು ಸುಲಭ. ನೆನೆಸಿದ ಗೋಧಿಯನ್ನು ರುಬ್ಬಿ, ಸೋಸಿ, ಹಾಲು ತೆಗೆದು ಒಂದು ರಾತ್ರಿ ಇಡಿ. ಮೇಲಿನ ನೀರು ಚೆಲ್ಲಿ ತಳದಲ್ಲಿ ಕುಳಿತ ಬಿಳಿ ಹಿಟ್ಟು ಒಂದು ಚಮಚ ತೆಗೆದುಕೊಳ್ಳಿ. ನಾಲ್ಕು ಚಮಚ ನೀರಲ್ಲಿ ಕದಡಿ, ಸಣ್ಣ ಉರಿಯ ಮೇಲೆ ಬಿಡದೆ ತಿರುವಿ. ಬಿಳುಪು ಹೋಗಿ ಗಾಜಿನಂತೆ ಹೊಳೆದು ಗಟ್ಟಿಯಾದಾಗ ಇಳಿಸಿ, ಆರಿದ ಮೇಲೆ ತೆಳು ಅರಿವೆಯಲ್ಲಿ ಹಿಂಡಿ ಸೋಸಿ. ಹರಿದಲ್ಲಿ ಬಣ್ಣವಿಲ್ಲದ ಬಿಳಿ ಗಾಳಿಪಟದ ಕಾಗದದ ಸಣ್ಣ ಪಟ್ಟಿಯನ್ನು ಈ ಅಂಟಿನಿಂದ ಹಚ್ಚಿ. ಅಂಟು ಬಹಳ ತೆಳುವಾಗಿರಲಿ. ಮೇಲೆ ಕೆಳಗೆ ಬಟರ್ ಪೇಪರ್ ಇಟ್ಟು, ಬಿಸಿ ಮಾಡದ ಇಸ್ತ್ರಿ ಪೆಟ್ಟಿಗೆಯನ್ನು ಒಂದು ರಾತ್ರಿ ಹೇರಿಡಿ.

ಹಿಂದಿನ ಕಾಲದಲ್ಲಿ ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡ. ಬೇಕಾದಾಗ ಬೇಕಾದಷ್ಟೇ ಅಂಟು ಮಾಡಿಕೊಳ್ಳಿ. ಮೊದಲು ಬೇರೆ ರದ್ದಿ ಕಾಗದದ ಮೇಲೆ ಕೈ ಪಳಗಿಸಿ. ಚಿತ್ರದ ಬಣ್ಣ ನೀರಿಗೆ ಬಿಡುತ್ತದೆಯೇ ಎಂದು ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ.

ಫ್ರಾನ್ಸಿಗೂ ನಮ್ಮ ಸವಡಿಗೂ ನಂಟು

"ಇದೆಲ್ಲ ಹುಚ್ಚು" ಎಂದು ನಗುವವರು ಇದ್ದಾರೆ. ಅಂಥವರಿಗೆ ನಾನು ಫ್ರಾನ್ಸ್ ದೇಶದ ಸಂಗತಿ ಹೇಳುತ್ತೇನೆ. ಅಲ್ಲಿಯ ಹಳೆಯ ಮಕ್ಕಳ ಪುಸ್ತಕಗಳ ಮೊದಲ ಮುದ್ರಣಕ್ಕೆ ಪ್ರಪಂಚದೆಲ್ಲೆಡೆ ಗಿರಾಕಿಗಳು. ಮೇಲೆ ಹೇಳಿದೆನಲ್ಲ, ಸಿಂಡರೆಲಾ, ಕೆಂಪು ಟೊಪ್ಪಿಗೆಯ ಹುಡುಗಿ, ಅವನ್ನು ಪೆರೋ ಎಂಬಾತ 1697ರಲ್ಲಿ ಪ್ಯಾರಿಸಿನಲ್ಲಿ ಅಚ್ಚು ಹಾಕಿಸಿದ್ದ. ಅವೇ 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಚಿತ್ರಕಥೆಗಳಾದವು.

ಇನ್ನು ಉಲ್ಟಾ ಹಾದಿಯ ಕಥೆ ಕೇಳಿ. ಲಾ ಫೊಂತೇನ್ ಎಂಬ ಫ್ರೆಂಚ್ ಕವಿ 1668ರಲ್ಲಿ ಪ್ರಾಣಿಗಳ ನೀತಿಕಥೆಗಳನ್ನು ಚಿತ್ರಗಳೊಂದಿಗೆ ಪ್ರಕಟಿಸಿದ. 1678ರ ಎರಡನೆಯ ಸಂಗ್ರಹದಲ್ಲಿ, ಇದರ ಬಹುಪಾಲಿಗೆ ಪಿಲ್ಪೇ ಎಂಬ ಭಾರತದ ಜ್ಞಾನಿಗೆ ತಾನು ಋಣಿ ಎಂದು ತಾನೇ ಒಪ್ಪಿಕೊಂಡ. ಅವು ನಮ್ಮ ಪಂಚತಂತ್ರದ ಕಥೆಗಳು! ಪಹ್ಲವಿ, ಅರಬ್ಬಿ, ಪಾರಸಿ ಭಾಷೆಗಳನ್ನು ದಾಟಿ 1644ರಲ್ಲಿ ಫ್ರೆಂಚಿಗೆ ಬಂದಿದ್ದವು. ಕೋಲು ಕಚ್ಚಿಕೊಂಡು ಹಾರಿದ ಮಾತಾಳಿ ಆಮೆ ಅಲ್ಲಿಯ ಮಕ್ಕಳಿಗೂ ಗೊತ್ತು. 1830ರ ದಶಕದಲ್ಲಿ ಲಾಹೋರಿನ ಚಿತ್ರಕಾರ ಇಮಾಮ್ ಬಕ್ಷ್ ಅದೇ ಫ್ರೆಂಚ್ ಕಥೆಗಳಿಗೆ ನಮ್ಮ ನೆಲದ ಬಣ್ಣದಲ್ಲಿ ಚಿತ್ರ ಬರೆದುಕೊಟ್ಟ. ಅವನ್ನು ಆ ಕವಿಯ ಊರಿನ ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಅದೇ ಪಂಚತಂತ್ರವನ್ನು ಕನ್ನಡದಲ್ಲಿ 1031ರ ಸುಮಾರಿಗೆ ಬರೆದವನು ದುರ್ಗಸಿಂಹ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಅವನ ಊರು ಸಯ್ಯಡಿ, ಅಂದರೆ ನಮ್ಮದೇ ಜಿಲ್ಲೆಯ ರೋಣ ತಾಲೂಕಿನ ಸವಡಿ! ಬಸ್ಸು ಹಿಡಿದರೆ ಮುಟ್ಟುವ ಊರು. ಆ ಕಥೆಯ ಒಂದು ಆರಾಣೆ ಪುಸ್ತಕವನ್ನು ನಾನು ಬೆಲ್ಲಕ್ಕೆ ತೂಗಬಹುದಿತ್ತೇ, ನೀವೇ ಹೇಳಿ.

ಕೊನೆಗೆ, ಒಬ್ಬ ತಾಯಿಯ ಮಾತು. ಫ್ರಾನ್ಸಿನ 'ಬಾಬಾರ್' ಎಂಬ ಆನೆಮರಿಯ ಕಥೆ 1931ರಲ್ಲಿ ದೊಡ್ಡ ಚಿತ್ರಪುಸ್ತಕವಾಗಿ ಬಂತು. ಅದರ ಮೇಲೆ ಇರುವುದು ಚಿತ್ರ ಬರೆದ ಜಾನ್ ದ ಬ್ರೂನಾಫ್ ಅವರ ಹೆಸರು. ಆದರೆ ಆ ಆನೆಯ ಕಥೆಯನ್ನು ಮೊದಲು ಹುಟ್ಟಿಸಿ, ಮಲಗುವ ಹೊತ್ತಿಗೆ ತಮ್ಮ ಇಬ್ಬರು ಗಂಡುಮಕ್ಕಳಿಗೆ ಹೇಳಿದವರು ಅವರ ಪತ್ನಿ ಸೆಸಿಲ್. ತನ್ನ ಹೆಸರು ಬೇಡವೆಂದು ಅವರೇ ತೆಗೆಸಿದರಂತೆ. ನಾವು ಹೆಂಗಸರು ಎಲ್ಲ ದೇಶದಲ್ಲೂ ಒಂದೇ ನೋಡಿ!

ಮುಟ್ಟಬೇಡ ಅನ್ನಬೇಡಿ

ಕೂಡಿಡುವ ಹುಮ್ಮಸ್ಸಿನಲ್ಲಿ ನಾನು ಇನ್ನೊಂದು ತಪ್ಪನ್ನೂ ಮಾಡಿದೆ. ಕಪಾಟಿಗೆ ಕೀಲಿ ಹಾಕಿ, ಮಗಳು ಮುಟ್ಟಲು ಬಂದರೆ ಗದರುತ್ತಿದ್ದೆ. ಒಂದು ದಿನ ಅತ್ತೆಯವರೇ ಅಂದರು: "ಹುಳಾನೂ ಓದಂಗಿಲ್ಲ, ಹುಡುಗೂರನೂ ಓದಂಗಿಲ್ಲ. ಅಂದಮ್ಯಾಲ ಯಾರ ಸಲುವಾಗಿ ಇಟ್ಟೀದಿ ಇದನ್ನ?" ನನ್ನ ಬಳಿ ಉತ್ತರವಿರಲಿಲ್ಲ. ಈಗ ರವಿವಾರ ಮಧ್ಯಾಹ್ನ ಕೈ ತೊಳೆದು, ಒರೆಸಿ, ಚಾಪೆಯ ಮೇಲೆ ಕುಳಿತು ಎಲ್ಲರೂ ಕೂಡಿ ನೋಡುತ್ತೇವೆ. ತೀರ ಸವೆದ ಪುಸ್ತಕಗಳ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೇವೆ. ಮೊದಲ ಪುಟದ ಹೆಸರು-ಬರಹಗಳನ್ನಂತೂ ತಪ್ಪದೆ.

ಅತ್ತೆಯವರಿಗೆ ಕಳೆದುಹೋದ ಪುಸ್ತಕದ ಒಂದೊಂದು ಚಿತ್ರವೂ ನೆನಪಿದೆ. ಅವರು ಹೇಳುತ್ತಾರೆ, ಮಗಳು ವಹಿಯಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆಯುತ್ತಾಳೆ. "ನರಿ ಬಾಲ ಹಂಗಿರಲಿಲ್ಲ, ಇನ್ನಷ್ಟು ಪೊದರಿತ್ತು" ಎಂದು ಅವರು ತಿದ್ದಿಸುತ್ತಾರೆ. ಮೊದಲ ಪುಟದಲ್ಲಿ ಮಗಳು "ಹೇಳಿದವರು" ಎಂದು ಬರೆದು ಅಜ್ಜಿಯ ಹೆಸರು ಹಾಕಿದ್ದಾಳೆ. ಅತ್ತೆಯವರು ಬೇಡ ಬೇಡವೆಂದರೂ ನಾವು ಅಳಿಸಲು ಬಿಟ್ಟಿಲ್ಲ.

ಆದರೂ ಅವರ ತಂದೆಯ ಆ ಒಂದು ಸಾಲನ್ನು ನಾನು ತಿರುಗಿ ತರಲಾರೆ. ಅದಕ್ಕೇ ಸೋದರಿಯರೇ, ಈ ಸಲ ದಸರೆಗೆ ಅಟ್ಟ ಇಳಿಸಿದಾಗ ಇಷ್ಟು ಮಾಡಿ. ರದ್ದಿಯವನನ್ನು ಅರ್ಧ ತಾಸು ಕೂಡಿಸಿ, ಒಂದು ಲೋಟ ಚಹಾ ಕೊಡಿ. ಗಂಟು ಬಿಚ್ಚಿ ಪ್ರತಿ ಪುಸ್ತಕದ ಮೊದಲ ಪುಟ ನೋಡಿ. ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಆಮೇಲೆ ಬೇಕಾದರೆ ತಕ್ಕಡಿಗೆ ಹಾಕಿ.

ನಿಮ್ಮ ಮನೆಯಲ್ಲಿ ಆಣೆ ಬೆಲೆಯ ಚಿತ್ರದ ಪುಸ್ತಕ ಸಿಕ್ಕರೆ ನನಗೊಂದು ಪತ್ರ ಬರೆಯಿರಿ. ಒಳಗೆ ಯಾರ ಹೆಸರಿದೆ ಎಂಬುದನ್ನೂ ಬರೆಯಲು ಮರೆಯದಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.